ಮೇಡಂ ಏಳುವ ಮುಂಚೆ

ಗಂಟಲಮಣಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುತ್ತದೆ, ಬಿಳಿ ಕಾಲರಿನೊಳಗೆ ಗೋಲಿಯೊಂದು ಸಿಕ್ಕಿಕೊಂಡ ಹಾಗೆ, ಈ ಮನುಷ್ಯ ಆಡುವುದಕ್ಕಿಂತ ನುಂಗುವುದೇ ಹೆಚ್ಚು ಅಂದುಕೊಂಡಳು ಅವಳು, ಪೆನ್ಸಿಲು ತನ್ನ ಪಾಡಿಗೆ ಓಡುತ್ತಿತ್ತು, ಶಾರ್ಟ್‌ಹ್ಯಾಂಡಿನ ಗೆರೆ, ಕೊಕ್ಕೆ, ಚುಕ್ಕೆ, ಮತ್ತೆ ಗೆರೆ — ಮಗುವಿಗಾಗಿ ಕೋರ್ಟಿಗೆ ಬಂದ ಗಂಡ ಹೆಂಡಿರಲ್ಲಿ ಗಂಡನ ಕಡೆಯ ಲಾಯರು ಇವನು, ದಪ್ಪ ಉಂಗುರದವನು, ಎರಡೇ ಮಾತು ಮೇಡಂ ಅಂತ ಎದ್ದವನು ಬೆಳಗಿನಿಂದ ನಿಂತೇ ಇದ್ದಾನೆ, ಅವನಿಗೇನು, ಅವನ ಎದೆ ಹಾಲು ಕಟ್ಟಿ ಕಲ್ಲಾಗುವುದಿಲ್ಲ, ಅವಳ ಎಡಗಡೆಯದು ಆಗಲೇ ಕಲ್ಲಾಗಿದೆ, ಬಲಗಡೆಯದು ಆಗುತ್ತಿದೆ, ತೋಳು ಮೈಗೆ ತಾಗಿದರೆ ಪ್ರಾಣ ಹೋಗುತ್ತದೆ, ಆದರೆ ಕೋರ್ಟಿನ ಸ್ಟೆನೊ ಆದವಳು ಜಡ್ಜ್ ಮೇಡಂ ಏಳುವ ಮುಂಚೆ ಏಳುವ ಹಾಗಿಲ್ಲ, ಎದ್ದವರನ್ನು ಯಾರೂ ಕಂಡಿಲ್ಲ, ಮೇಡಂ ಅಂತೂ ಬೇರೂರಿಬಿಟ್ಟಿದ್ದಾರೆ, ಅವರಿಗೆ ಬಾಯಾರಿಕೆಯಿಲ್ಲ, ಕಾಲು ಜೋಮು ಹಿಡಿಯುವುದಿಲ್ಲ, ಹೆರಿಗೆ ರಜೆ ಮುಗಿಸಿ ಬಂದ ದಿನ ಅವಳನ್ನು ಕರೆಸಿಕೊಂಡು, ನಾನೂ ಎರಡು ಹೆತ್ತಿದ್ದೀನಮ್ಮ, ಒಂದು ದಿನವೂ ಇದನ್ನೆಲ್ಲ ನೆಪ ಮಾಡ್ಕೊಂಡವಳಲ್ಲ ಅಂದಿದ್ದರು, ಪದಕಕ್ಕೆ ಕತ್ತು ಚಾಚಿದವರ ಹಾಗೆ, ಅಯ್ಯೋ ಕೊಡಿಸೋಣ ಬಿಡಿ ಮೇಡಂ, ಆ ಎರಡು ಮಕ್ಕಳ ಕೈಯಿಂದಲೇ ಹಾಕಿಸೋಣ. ಮನೆಯಲ್ಲಿ ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ನಿನ್ನ ಹಾಲು ನೀರು ನೀರಾಗಿದೆ ಕಣಮ್ಮ, ಇದರಲ್ಲೇನು ಸತ್ವ ಇದೆ, ಬೀದಿ ಕೊನೆಯ ಅಂಗಡಿಯಲ್ಲಿ ಒಳ್ಳೆ ಡಬ್ಬಿ ಹಾಲು ಸಿಗುತ್ತಪ್ಪ. ಅತ್ತೆಯ ಮಗ, ಅಂದರೆ ಅವಳ ಗಂಡ, ಟೀವಿಯಿಂದ ಕಣ್ಣು ಕೀಳದೆ, ನಾನೂ ಡಬ್ಬಿ ಹಾಲು ಕುಡಿದೇ ಬೆಳೆದವನು, ನನಗೇನಾಗಿದೆ ಈಗ ಅನ್ನುತ್ತಾನೆ — ಏನಾಗಿದೆ ಅಂತ ಹೇಳಲು ಕೂತರೆ ರಾತ್ರಿ ಸಾಲದು, ಅವಳು ಬಾಟಲಿ ತೊಳೆಯುತ್ತಾಳೆ.

ಪೆನ್ಸಿಲು ಓಡುತ್ತಿದೆ, ಎದುರುಸಾಲಿನಲ್ಲಿ ಹೆಡ್ ಕ್ಲರ್ಕು ಕೂತಲ್ಲೇ ತೂಕಡಿಸುತ್ತಿದ್ದಾರೆ, ಇವರೊಬ್ಬ ಮಹಾನುಭಾವರು, ಐವತ್ತೆಂಟು ವರ್ಷ ಬದುಕಿದರೂ ಹಾಲು ಅನ್ನುವ ಪದ ಬಾಯಿಂದ ಹೊರಡಿಸಲಾರರು, ನೋಡಮ್ಮ ನೀನು ಅದನ್ನ ರೆಕಾರ್ಡ್ ರೂಮಲ್ಲಿ ಮಾಡ್ಕೊ, ಅದಕ್ಕೆ ಒಂದು ಕುರ್ಚಿ ಹಾಕಿಸ್ತೀನಿ, ಆದರೆ ಅದನ್ನ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡ, ಅದರ ಪಕ್ಕ ನನ್ನ ಊಟದ ಡಬ್ಬಿ ಇರುತ್ತೆ, ಒಂಥರಾ ಆಗುತ್ತೆ — ಒಂಥರಾ! ಮುಖಪರಿಚಯವೂ ಇಲ್ಲದ ಹಸುವಿನ ಹಾಲನ್ನು ದಿನಕ್ಕೆ ಆರು ಸಲ ಚಹಾಕ್ಕೆ ಸುರಿದುಕೊಂಡು ಸೊರ್ರನೆ ಹೀರುವ ಮನುಷ್ಯನಿಗೆ, ಆಫೀಸಿನಲ್ಲಿ ಪಕ್ಕದ ಮೇಜಿಗೇ ಕೂರುವ, ಹೆಸರು ಗೊತ್ತಿರುವ, ದಿನಾ ಸ್ನಾನ ಮಾಡುವ ಹೆಂಗಸಿನ ಹಾಲು ಕಂಡರೆ ಒಂಥರಾ ಆಗುತ್ತದಂತೆ. ರೆಕಾರ್ಡ್ ರೂಮಿನ ಬಾಗಿಲಿಗೆ ಚಿಲಕವಿಲ್ಲ, ಕುರ್ಚಿಯನ್ನೇ ಬಾಗಿಲಿಗೆ ಒತ್ತಿ ಕೂರಬೇಕು, ಸುತ್ತ ಸೂರಿನವರೆಗೂ ಹಳೇ ಕಡತಗಳು, ಬೇಲಿಯ ಜಗಳ, ಬಾಡಿಗೆಯ ಜಗಳ, ಸತ್ತವರ ಮನೆಗಾಗಿ ಬದುಕಿದ್ದವರು ಕಿತ್ತಾಡಿ ಅವರೂ ಸತ್ತ ಜಗಳ, ಆ ದೂಳಿನ ನಡುವೆ ಕೈಪಂಪು ಒತ್ತುತ್ತ ಮಗಳ ಮುಖ ನೆನೆಸಿಕೊಂಡರೆ ಹಾಲು ಇಳಿಯುತ್ತದೆ, ಹುಬ್ಬಿಲ್ಲದ ಆ ಮುಖ, ಕುಡಿಯುವಾಗ ಕಾಲ್ಬೆರಳು ಅಗಲಿಸುವ ಆ ರೀತಿ, ನೆನೆಸಿದರೆ ಸಾಕು, ಯಾವತ್ತೂ ಕೈ ಕೊಟ್ಟಿಲ್ಲ.

ಗೆರೆ, ಕೊಕ್ಕೆ, ಲಾಯರು ಹೇಳುತ್ತಿದ್ದಾನೆ, ಗಮನಿಸಬೇಕು ಮೇಡಂ, ಈ ತಾಯಿ ಚಪ್ಪಲಿ ಅಂಗಡಿಯ ಕೆಲಸಕ್ಕೆ ಮಗುವನ್ನ ಬಿಟ್ಟು ಹೋದವಳು, ಪೆನ್ಸಿಲು ಓಡಿಸುತ್ತಲೇ ಅವಳು ಅತ್ತ ನೋಡಿದಳು, ಹೆಂಡತಿ ಅನ್ನಿಸಿಕೊಂಡವಳು ಅಲ್ಲಿ ಬೆಂಚಿನ ತುದಿಯಲ್ಲಿ ಅಂಗಡಿಯ ನೀಲಿ ಅಂಗಿಯಲ್ಲೇ ಬಂದು ಕೂತಿದ್ದಾಳೆ, ಎದೆಗೆ ಕೈ ಕಟ್ಟಿ, ತಲೆ ತಗ್ಗಿಸಿ, ಇವಳೂ ಒಬ್ಬಳು ಹೆಣ್ಣು ಅಂದುಕೊಂಡಳು, ಮೂರೇ ತಿಂಗಳಿಗೆ ಹಾಲು ಬಿಡಿಸಿಬಿಟ್ಟಳಂತೆ, ಅಂಗಡಿಯ ಯಜಮಾನ ಪುರುಸೊತ್ತು ಕೊಡಲಿಲ್ಲ ಅಂತ ನಿನ್ನೆ ಕಟಕಟೆಯಲ್ಲಿ ಅತ್ತಳು, ಕೊಡದಿದ್ದರೆ ಕಿತ್ತುಕೊಳ್ಳಬೇಕಮ್ಮ, ನನ್ನನ್ನು ನೋಡು, ದೂಳು ಕುಡಿದುಕೊಂಡು ಹಾಲು ತೆಗೆಯುತ್ತೀನಿ, ನಿನಗೇನು ರೋಗ, ಎರಡು ಚಪ್ಪಲಿ ಡಬ್ಬದ ಸಂದಿಯಲ್ಲಿ ಕೂರುವುದಕ್ಕೆ ಆಗಲಿಲ್ಲವೇ — ಹೀಗೆ ಅವಳ ತಿರಸ್ಕಾರ ಕೋಣೆಯಲ್ಲಿ ಒಬ್ಬರನ್ನೂ ಬಿಡದೆ ಸುತ್ತಿ ಬಂದು ಸುಖವಾಗಿ ಕೂತಿತ್ತು, ಆಗಲೇ ಲಾಯರು ದನಿ ತಗ್ಗಿಸಿದ್ದು, ಮುಖ್ಯವಾದದ್ದು ಹೇಳುವಾಗ ಹಾಗೆ ತಗ್ಗಿಸುತ್ತಾನೆ, ಮಗುವನ್ನ ತಂದೆ ತನ್ನ ತಾಯಿಯ ಮನೆಗೆ ಕರ್ಕೊಂಡು ಹೋದದ್ದು ಅಪಹರಣ ಹೇಗಾಗುತ್ತೆ ಮೇಡಂ, ಇವಳ ಎದೆಯಲ್ಲಿ ಹಾಲೇ ಬತ್ತಿಹೋಗಿದೆ, ಹಾಲಿಲ್ಲದ ಮೇಲೆ ಈ ವಯಸ್ಸಿನ ಮಗುವಿಗೆ ತಾಯಿಯೂ ಒಂದೇ, ಆಯಾ ಕೂಡ ಒಂದೇ. ಪೆನ್ಸಿಲು ನಿಂತಿತು. ನಿಂತದ್ದು ಅವಳಿಗೇ ಆಶ್ಚರ್ಯ, ಇಷ್ಟು ವರ್ಷ ಕೊಲೆಯನ್ನು ಬರೆದಿದೆ, ಅದಕ್ಕಿಂತ ಹೊಲಸನ್ನು ಬರೆದಿದೆ, ಒಮ್ಮೆಯೂ ನಿಲ್ಲದೆ, ಈಗ ಆಯಾ ಅನ್ನುವ ಪದದ ಹತ್ತಿರ ಕತ್ತೆಯ ಹಾಗೆ ನಿಂತುಬಿಟ್ಟಿದೆ, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ, ಗಂಡನ ತೊಡೆಯ ಮೇಲೆ, ಆ ಮಗು ಅತ್ತಿತು. ಹಸಿವಿನ ಅಳು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಇಬ್ಬರು ಹೆಂಗಸರ ತಲೆ ಒಟ್ಟಿಗೇ ತಿರುಗಿತು, ಬೆಂಚಿನ ತುದಿಯವಳದು ಮತ್ತು ಇವಳದು, ಇವಳಿಗೆ ಸೂಜಿ ಚುಚ್ಚಿದ ಹಾಗೆ ಎರಡೂ ಕಡೆ ಜುಮ್ಮೆಂದು ಹಾಲು ಇಳಿಯಿತು, ಒಳಗಿಟ್ಟ ಬಟ್ಟೆ ದಾಟಿ ಅಂಗಿ ದಾಟಿ ಎರಡು ಕಪ್ಪು ಮಚ್ಚೆ, ಹಿಗ್ಗುತ್ತಿರುವ ಮಚ್ಚೆ, ಯಾರದೋ ಮಗುವಿಗೆ ನನ್ನ ಹಾಲು, ನಾಚಿಕೆಗೆಟ್ಟ ಮೈ ಇದು — ಅಲ್ಲಿ ಆ ಹೆಂಗಸು ಎದೆಗೆ ಕಟ್ಟಿದ್ದ ಕೈ ಬಿಚ್ಚಿ ತನ್ನ ನೀಲಿ ಅಂಗಿಯನ್ನು ಬಗ್ಗಿ ನೋಡಿಕೊಂಡಳು. ಒಣಗಿತ್ತು. ಅಂಗೈಯಿಂದ ಸವರಿ ನೋಡಿದಳು. ಒಣಗಿಯೇ ಇತ್ತು. ಗಂಡ, ಸುಮ್ನಿರೋ ಸುಮ್ನಿರೋ ಅಂತ ಜೇಬಿನಿಂದ ಕಾರಿನ ಕೀಗೊಂಚಲು ತೆಗೆದು ಮಗುವಿನ ಬಾಯಿಗೆ ಕೊಟ್ಟ, ಮಗು ಅದನ್ನು ಕಚ್ಚಿಕೊಂಡು, ಕಣ್ಣು ಮುಚ್ಚಿ, ಚೀಪತೊಡಗಿತು.

ಎದ್ದಳು. ಕುರ್ಚಿ ಕಿರ್ರೆಂದಿತು, ಹೆಡ್ ಕ್ಲರ್ಕು ಎಚ್ಚರಗೊಂಡು ಕಣ್ಣಲ್ಲೇ ಕೂತ್ಕೊ ಕೂತ್ಕೊ ಅಂದರು, ಮೇಡಂ ಕನ್ನಡಕದ ಮೇಲಿಂದ ನೋಡಿ ಏನಮ್ಮ ಅಂದರು, ಮೇಡಂ ನಾನು ಹೊರಗೆ ಹೋಗಬೇಕು, ವಾದ ನಡೀತಿದೆ ಕಾಣ್ತಿಲ್ವಾ, ಎಲ್ಲಿಗೆ, ಹಾಲು ತೆಗೆಯೋಕೆ ಮೇಡಂ — ಹೇಳಿಯೇಬಿಟ್ಟಳು, ಆ ಪದ ಎತ್ತರದ ಸೂರಿಗೆ ತಾಗಿ ವಾಪಸ್ ಬಂತು, ಯಾರೋ ಕಿಸಕ್ಕೆಂದರು, ಉಂಗುರದವನು ಅವಳ ಅಂಗಿ ನೋಡಿದ, ಆಮೇಲೆ ಫ್ಯಾನು ನೋಡಿದ, ಇದನ್ನೂ ದಾಖಲೆ ಮಾಡ್ಕೋಬೇಕಾ ಮೇಡಂ ಅಂದ, ಯಾರು ಮಾಡಿಕೊಳ್ಳಬೇಕಪ್ಪ, ಮಾಡಿಕೊಳ್ಳುವವಳು ಎದ್ದು ನಿಂತಿದ್ದಾಳಲ್ಲ. ಊಟದ ಹೊತ್ತಿನವರೆಗೆ ತಡ್ಕೊಳ್ಳಿ, ಕೂತ್ಕೊಳ್ಳಿ ಅಂದರು ಮೇಡಂ. ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು, ಚೀಲ ಹೆಗಲಿಗೆ ಹಾಕಿದಳು, ನಡೆದಳು, ಬಾಗಿಲ ಹತ್ತಿರ ತಿರುಗಿದರೆ ಲಾಯರು ಬಾಯಿ ತೆರೆದವನು ತೆರೆದ ಹಾಗೇ ನಿಂತಿದ್ದ, ಗಂಟಲಮಣಿ ಅರ್ಧದಲ್ಲಿ, ಯಾಕೆಂದರೆ ಇಲ್ಲಿ ಅವಳು ಬರೆಯದ ಮಾತು ಆಡಿದ ಮಾತೇ ಅಲ್ಲ, ಇಷ್ಟು ದೊಡ್ಡ ಕೋಣೆ, ಇಷ್ಟು ಕಪ್ಪು ಕೋಟು, ಎಲ್ಲವೂ ಅವಳ ಎದೆ ಬರಿದಾಗುವ ತನಕ ಕಾಯಬೇಕು, ಕಾಯಲಿ, ಚೆನ್ನಾಗಿ ಕಾಯಲಿ, ಕಾರಿಡಾರಿನ ಉದ್ದಕ್ಕೂ ನಗು ಬಂತು ಅವಳಿಗೆ.

ಕುರ್ಚಿಯನ್ನು ಬಾಗಿಲಿಗೆ ಒತ್ತಿ ಕೂತಳು, ಪಂಪು ಹಚ್ಚಿದಳು, ಒತ್ತಿದಳು, ಬರಲಿಲ್ಲ. ಅಲ್ಲಿ ಅಷ್ಟು ಜನರೆದುರು ಮಾನ ಕಳೆದದ್ದು ಇಲ್ಲಿ ಮೊಂಡು ಹಿಡಿದು ಕೂತಿದೆ, ಒತ್ತು, ಬಿಡು, ಒತ್ತು, ಕಲ್ಲಿನ ಹಾಗಿದೆ, ಮಗಳನ್ನು ನೆನೆಸಿಕೋ, ಹುಬ್ಬಿಲ್ಲದ ಮುಖ, ಕಾಲ್ಬೆರಳು — ಮುಖ ಬರುತ್ತದೆ, ಬಾಯಿಯ ಜಾಗದಲ್ಲಿ ಕೀಗೊಂಚಲು ಬರುತ್ತದೆ, ಛೆ, ಮತ್ತೆ ಮೊದಲಿಂದ, ಅತ್ತೆಯ ತೊಡೆ, ನಮ್ಮ ಕಿಟಕಿ, ನನ್ನ ಮಗಳು, ಅವಳು ಬಾಯಿ ತೆರೆಯುತ್ತಾಳೆ, ಕೀಗೊಂಚಲು. ಹೊರಗಿನಿಂದ ಹೆಡ್ ಕ್ಲರ್ಕರ ದನಿ, ಬಾಗಿಲಿಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದಾರೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ, ಅಮ್ಮಾ, ಮೇಡಂ ಎದ್ದರು, ಕೇಸನ್ನ ಮಧ್ಯಾಹ್ನಕ್ಕೆ ಮುಂದಕ್ಕೆ ಹಾಕಿದ್ದಾರೆ, ವಾದದ ಮಧ್ಯೆ ಎದ್ದದ್ದಕ್ಕೆ ನಿನಗೆ ಮೆಮೊ ಟೈಪ್ ಮಾಡಿಸು ಅಂದರು, ಯಾರ ಕೈಲಿ ಮಾಡಿಸಲಿ, ಟೈಪ್ ಮಾಡೋಳು ನೀನೇ ಅಲ್ವಾ, ನಗಬೇಕಿತ್ತು ಇದಕ್ಕೆ, ಒಳ್ಳೇ ನಗೆ ಇದೆ ಇದರಲ್ಲಿ, ನಗು ಬರಲಿಲ್ಲ, ಮಧ್ಯಾಹ್ನ ಹೋಗಿ ಕೂರಬೇಕು, ಆಯಾ ಅನ್ನುವ ಪದದಿಂದಲೇ ಶುರುಮಾಡಬೇಕು, ಗೆರೆ, ಕೊಕ್ಕೆ, ಆ ವಾಕ್ಯವೂ ನನ್ನ ಕೈಯಿಂದಲೇ ನಿಜವಾಗಬೇಕು, ಎರಡು ಚಪ್ಪಲಿ ಡಬ್ಬದ ಸಂದಿಯಲ್ಲಿ ಅವಳೂ ಕೂತಿದ್ದಳೇನೋ, ಕೂತು ಹೀಗೇ ಒತ್ತಿದ್ದಳೇನೋ, ಒತ್ತು, ಬಿಡು, ಬರದೆ, ಬರದೆ, ಯಾರೋ ಬಾಗಿಲು ತಟ್ಟುತ್ತಿರುವಾಗ — ಆ ಅಂಗೈ, ಒಣ ಅಂಗಿಯನ್ನು ಸವರಿದ ಆ ಅಂಗೈ, ಅದರಾಚೆ ಆ ಮಗುವಿನ ಮುಚ್ಚಿದ ಕಣ್ಣು, ಕೀಗೊಂಚಲು ಚೀಪುವ ಬಾಯಿ, ಬೇಡ, ನನ್ನ ಮಗಳ ಬಾಯಿ, ನನ್ನ ಮಗಳ, ಕೀಗೊಂಚಲು ಚೀಪುವ ಬಾಯಿ, ಬಾಟಲಿಯ ತಳಕ್ಕೆ ಟಪ್ಪೆಂದು ಮೊದಲ ಹನಿ ಬಿತ್ತು, ಆಮೇಲೆ ಧಾರೆ, ಬಿಸಿ ಧಾರೆ, ಕಣ್ಣು ಮುಚ್ಚಿಕೊಂಡು, ಕಬ್ಬಿಣ ಚೀಪುವ ಬಾಯಿ