ಗಾಳಿಗೆ ಬಿದ್ದ ಕಾಯಿ

ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಯ ಚುಕ್ಕಿ ಇಡುತ್ತಿದ್ದೆ. ಒಳಗೆ ಚಾವಟಿಯ ಸದ್ದು, ಹಿಂದೆಯೇ ಲೋಟ ಬಿದ್ದ ಸದ್ದು. ಓಡಿದೆ.

ಮಾವ ಕೋದಂಡರಾಮಪ್ಪನವರು ಗೋಡೆ ಹಿಡಿದು ನಿಂತಿದ್ದರು. ಕಾಫಿ ಚೆಲ್ಲಿತ್ತು. ನನ್ನ ಮಗಳು ಶಿವಾನಿಯ ಕೈಯಲ್ಲಿದ್ದ ಫೋನಿನಲ್ಲಿ ಎಪ್ಪತ್ತರ ದಶಕದ ಯಾವುದೋ ಸಿನಿಮಾ. ಕೋರ್ಟು ಬಿಟ್ಟುಕಳಿಸಿದವನನ್ನು ಹೀರೋ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ.

"ತಾತಂಗೆ ಹಳೇ ಪಿಚ್ಚರ್ ಇಷ್ಟ ಆಗುತ್ತೆ ಅಂತ ಹಾಕ್ದೆ ಕಣಮ್ಮ."

"ಆರ್ಸೇ ಅದನ್ನ!"

ಮಾವ ಅವಳಿಗೆ ಗದರಿದ್ದು ಅದೇ ಮೊದಲು. ಚೀಲ ತೆಗೆದುಕೊಂಡು ತೋಪಿನ ಕಡೆ ನಡೆದರು. ಶಿವಾನಿ ಫೋನು ಅಲ್ಲೇ ಇಟ್ಟು ಹಿಂದೆಯೇ ಹೋದಳು.

ಗಾಳಿ ಬೀಸಿದ ಮರುದಿನ ಮಾವ ಉದುರಿದ ಮಾವಿನಕಾಯಿ ಆರಿಸಿ ಊರಿನ ಒಂಟಿ ಮುದುಕಿ ಕದಿರಮ್ಮನ ಜಗಲಿಯ ಮೇಲಿಟ್ಟು ಬರುತ್ತಾರೆ. ಮಾತಾಡುವುದಿಲ್ಲ. ಕಾರಣವನ್ನು ಅತ್ತೆ ಸಾಯುವ ಮೊದಲು ನನಗೆ ಹೇಳಿದ್ದರು.

ಆಗ ಮಾವ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಹೀರೋ ತಾನೇ ಶಿಕ್ಷೆ ಕೊಡುವ ರೀಲು ಬಂದರೆ ಜನ ಶಿಳ್ಳೆ ಹಾಕಿ ಮತ್ತೆ ಹಾಕಿಸುತ್ತಿದ್ದರು. ಒಂದು ರಾತ್ರಿ ಮಾವ ಅದನ್ನು ಮೂರು ಸಲ ಹಾಕಿದರಂತೆ. ತೋಪುಗಳಲ್ಲಿ ಕಾಯಿ ಕಳುವಾಗುತ್ತಿದ್ದ ಕಾಲ. ಆಟ ನೋಡಿದ ಗುಂಪೇ ಬೆಳಗಿನ ಜಾವ ಮೂಟೆ ಹೊತ್ತು ಬರುತ್ತಿದ್ದವನನ್ನು ಹಿಡಿದು ಮರಕ್ಕೆ ಕಟ್ಟಿ ಹೊಡೆಯಿತು. ಅವನು ಕದಿರಮ್ಮನ ಗಂಡ. ಉಸಿರು ನಿಂತ ಮೇಲೆ ಮೂಟೆ ಬಿಚ್ಚಿದರು. ಮರದಿಂದ ಕಿತ್ತ ಕಾಯಿಗೆ ತೊಟ್ಟು ಇರುತ್ತದೆ. ಅದರಲ್ಲಿ ಒಂದಕ್ಕೂ ಇರಲಿಲ್ಲ. ಎಲ್ಲವೂ ಗಾಳಿಗೆ ಬಿದ್ದು ಪೆಟ್ಟಾದವು. ಬಿದ್ದದ್ದು ಆರಿಸಿದವರದು ಎಂಬುದು ನಮ್ಮ ಕಡೆ ಹಿಂದಿನಿಂದ ಬಂದ ವಾಡಿಕೆ.

"ಆ ಗುಂಪಲ್ಲಿ ಮಾವನೂ ಇದ್ರಾ ಅತ್ತೆ?" ಎಂದಿದ್ದೆ.

"ಕೇಳ್ಲಿಲ್ಲ ಕಣೇ. ಕೇಳಿದ್ರೆ ಎಲ್ಲಿ ಹೇಳ್ಬಿಡ್ತಾರೋ ಅಂತ ಭಯ."

ನಾನೂ ಕೇಳಲಿಲ್ಲ. ಆ ಕೈಗಳೇ ನನ್ನ ಮಗಳನ್ನು ತೂಗಿ ಮಲಗಿಸಿದ್ದು.

ನೆಲ ಒರೆಸಿ ಬಂದು ರಂಗೋಲಿಗೆ ಕೂತೆ. ಚುಕ್ಕಿಗಳ ಲೆಕ್ಕ ತಪ್ಪಿತ್ತು. ಅಳಿಸಿ ಮತ್ತೆ ಇಡುವಾಗ ತಾತ, ಮೊಮ್ಮಗಳು ಇಬ್ಬರೂ ಬಂದರು. ಚೀಲ ಹಾಗೇ ತುಂಬಿತ್ತು.

"ಕದಿರಜ್ಜಿ ಕಾಯಿ ಬೇಡ ಅಂದ್ಬಿಟ್ರಮ್ಮ. 'ಐವತ್ತು ವರ್ಷ ತಿಂದೆ, ಸಾಕು. ನನ್ ಗಂಡನ್ನ ಹೊಡೆದೋರಲ್ಲಿ ನೀನಿದ್ಯೋ ಇಲ್ವೋ, ಅದೊಂದು ಹೇಳಪ್ಪ' ಅಂದ್ರು. ತಾತ ಚೀಲ ಎತ್ಕೊಂಡು ಹೊರಟೇಬಿಟ್ರು."

"ಒಳಗೋಗು ಪುಟ್ಟಿ, ಹಾಲು ಕುಡಿ," ಎಂದೆ.

ಅವಳು ಹೋಗಲಿಲ್ಲ. ತಾತನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದಳು.

"ತಾತ, ನೀನೂ ಹೊಡ್ದ್ಯಾ?"