ಆರು ಕಣ್ಣಿನ ಜೀಪು

ಒಂದೂರಿನಲ್ಲಿ ಆರು ಕಣ್ಣಿನ ಜೀಪೊಂದಿತ್ತು. ಎರಡು ಕಣ್ಣು ಹುಟ್ಟಿನಿಂದ ಬಂದವು. ಉಳಿದ ನಾಲ್ಕನ್ನು ಅದರ ಯಜಮಾನ, ಬ್ಯಾಟರಿ ಅಂಗಡಿಯವನು, ತಾನೇ ಕೂರಿಸಿದ್ದ. ಅವನು ದೀಪ ಹಾಕಿದರೆ ದೂರದ ಮರದ ಕಾಗೆಗಳು ಬೆಳಗಾಯಿತೆಂದು ಎದ್ದುಬಿಡುತ್ತಿದ್ದವು. ಹಳೇ ಜೀಪುಗಳ ಕ್ಲಬ್ಬಿನವರು ಅವನನ್ನು ಸರ್ಚ್‌ಲೈಟ್ ಅಂತಲೇ ಕರೆಯುತ್ತಿದ್ದರು.

ಅವನ ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಂದು ಸಂಜೆ ಸ್ಕೂಟರಿನಲ್ಲಿ ಬರುವಾಗ ಎದುರಿನ ಗಾಡಿಯ ಬೆಳಕು ಕಣ್ಣಿಗೆ ರಾಚಿ, ದಾರಿ ಕಾಣದೆ ಚರಂಡಿಗೆ ಬಿದ್ದಳು. ಮೊಣಕೈ ತರಚಿತು. ಕೈಗಿಂತ ಹೆಚ್ಚು ಪೆಟ್ಟಾದದ್ದು ಧೈರ್ಯಕ್ಕೆ. ಕೀ ತಂದು ಊಟದ ಮೇಜಿನ ಮೇಲಿಟ್ಟಳು.

"ಅಪ್ಪಾ, ಇನ್ನು ನಾನು ಗಾಡಿ ಓಡಿಸಲ್ಲ. ಕೆಲಸ ಬಿಟ್ಬಿಡ್ತೀನಿ."

"ಯಾವನೋ ಕಣ್ಣು ನೆತ್ತಿಗೇರಿದೋನು ಲೈಟ್ ಹಾಕ್ದ ಅಂತ ಓದಿದ್ದನ್ನೆಲ್ಲ ನೀರಿಗೆ ಹಾಕ್ತೀಯಾ?"

"ರೀ, ನಿಮ್ಮ ಜೀಪಲ್ಲಿರೋದೇನು ಮಿಣುಕುಹುಳಾನಾ?" ಎಂದಳು ಅಮ್ಮ.

"ಅದು ಬೇರೆ ಕಣೇ. ನನಗೆ ದಾರಿ ಚೆನ್ನಾಗಿ ಕಂಡ್ರೆ ಎಲ್ಲರಿಗೂ ಕ್ಷೇಮ."

ಕೀ ಅಲ್ಲೇ ಉಳಿಯಿತು.

ಆ ಭಾನುವಾರ ಕ್ಲಬ್ಬಿನವರೆಲ್ಲ ಬೆಟ್ಟದ ತುದಿಯ ಖಗೋಳ ವೀಕ್ಷಣಾಲಯಕ್ಕೆ ಹೊರಟರು. ಮಗಳ ಮನಸ್ಸು ಹಗುರಾಗಲೆಂದು ಅಮ್ಮ ಅವಳನ್ನೂ ಹೊರಡಿಸಿದಳು. ಜೀಪುಗಳು ಮೋಡದೊಳಗೆ ನುಗ್ಗಿ ಮೋಡದ ಮೇಲೆ ಬಂದವು. ಅಲ್ಲಿ ಬಿಳಿಯ ಗುಮ್ಮಟ, ಯಾವುದೋ ದೊಡ್ಡ ಹಕ್ಕಿ ಇಟ್ಟು ಮರೆತುಹೋದ ಮೊಟ್ಟೆಯ ಹಾಗೆ.

ದೂರದರ್ಶಕ ನಡೆಸುವ ಮೇಡಂ ಎಲ್ಲರನ್ನೂ ಒಂದು ಕತ್ತಲೆ ಕೋಣೆಗೆ ಕರೆದೊಯ್ದರು.

"ಗೋಡೆ ತುಂಬ ನಕ್ಷತ್ರ ಬರೆದಿದ್ದೀವಿ, ತುಂಬ ಮಂಕಾಗಿ ಹೊಳೆಯೋ ಬಣ್ಣದಲ್ಲಿ. ಕಣ್ಣು ಕತ್ತಲಿಗೆ ಒಗ್ಗೋ ತನಕ ತಾಳಿ."

ಮೊದಲು ಏನೂ ಇಲ್ಲ. ಆಮೇಲೆ ಒಂದು ಚುಕ್ಕಿ. ಆಮೇಲೆ ಯಾರೋ ಹಿಡಿ ಹಿಡಿ ಎರಚಿದ ಹಾಗೆ.

"ಅಪ್ಪಾ, ಕಾಣ್ತಿದೆ," ಮಗಳು ಪಿಸುಗುಟ್ಟಿದಳು.

ಅಪ್ಪನಿಗೆ ಕೂರಲು ಕುರ್ಚಿ ಬೇಕಿತ್ತು. ಮೊಬೈಲಿನ ಟಾರ್ಚ್ ಒತ್ತಿದ. ಬೆಳಕು ನೇರ ಎದುರಿಗೆ ನಿಂತವರ ಮುಖಕ್ಕೆ ಬಡಿಯಿತು.

"ಅಯ್ಯೋ ಅಪ್ಪಾ, ಏನೂ ಕಾಣ್ತಿಲ್ಲ." ಮಗಳು ತಡವರಿಸಿ ಅಮ್ಮನ ತೋಳು ಹಿಡಿದಳು. "ಅವತ್ತು ಸ್ಕೂಟರಲ್ಲೂ ಹೀಗೇ ಆಗಿದ್ದು."

"ಲೋ ಸರ್ಚ್‌ಲೈಟ್, ಕುರ್ಚಿ ಹುಡುಕೋಕೆ ಹೋಗಿ ಆಕಾಶಾನೇ ಕಳೆದ್ಯಲ್ಲೋ," ಎಂದ ಒಬ್ಬ ಗೆಳೆಯ.

"ಆರಿಸಿದೆನಲ್ಲಪ್ಪ."

"ಬೆಳಕು ಆರಿದ ಕೂಡಲೇ ಕಣ್ಣು ಸರಿಹೋಗಲ್ಲ ಸರ್," ಎಂದರು ಮೇಡಂ. "ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಗಾಡಿ ಎಲ್ಲಿಗೆ ಹೋಗಿರುತ್ತೆ ಹೇಳಿ?"

"ನನಗೆ ಎಲ್ಲ ಕಾಣ್ತಿತ್ತಲ್ಲಮ್ಮ?"

"ಟಾರ್ಚ್ ಹಿಡಿದೋರು ನೀವು. ಕಾಣದೆ ಹೋಗಿದ್ದು ಎದುರಿಗಿದ್ದೋರಿಗೆ."

ಅಪ್ಪ ಮೊಬೈಲನ್ನು ಜೇಬಿಗೆ ಹಾಕಿದ. ಮಗಳು ಕೇಳಿದಳು: "ಎದುರಿನೋರು ಡಿಮ್ ಮಾಡದೇ ಇದ್ರೆ ನಾವೇನು ಮಾಡೋದು ಮೇಡಂ?"

"ವೇಗ ಇಳಿಸಿ. ಬೆಳಕನ್ನ ದಿಟ್ಟಿಸಬೇಡಿ, ನಿಮ್ಮ ಬದಿ ರಸ್ತೆ ಅಂಚು ನೋಡ್ಕೊಳ್ಳಿ. ನಾನೂ ಸ್ಕೂಟರಲ್ಲೇ ಈ ಬೆಟ್ಟ ಇಳಿಯೋಳಮ್ಮ."

ಬೆಟ್ಟ ಇಳಿಯುವ ಮೊದಲು ಅಪ್ಪ ತಾನು ಕೂರಿಸಿದ್ದ ನಾಲ್ಕು ದೀಪಗಳ ವೈರನ್ನೂ ಕಿತ್ತ. ಮುಸ್ಸಂಜೆ. ಎದುರು ಬೈಕೊಂದು ಬಂತು. ಕಟಕ್. ಜೀಪು ಕಣ್ಣು ತಗ್ಗಿಸಿತು. ಬೈಕಿನವನು ಕೈ ಎತ್ತಿ ಹೋದ. ಮುಂದೆ ಕಾರೊಂದು ಸಿಕ್ಕಿತು. ಮತ್ತೆ ಕಟಕ್.

"ಅದು ಎದುರು ಬರ್ತಿಲ್ವಲ್ಲಪ್ಪ, ನಮ್ಮ ಮುಂದೆ ಹೋಗ್ತಿದೆ," ಎಂದಳು ಮಗಳು.

"ಅವನ ಕನ್ನಡಿಲಿ ನಮ್ಮ ಬೆಳಕು ಬಿದ್ದು ಕಣ್ಣು ಕುಕ್ಕುತ್ತೆ ಮಗಳೇ."

ಮರುದಿನ ಅಮ್ಮ ಊಟಕ್ಕೆ ತಟ್ಟೆ ಇಡಲು ಬಂದಳು. "ರೀ, ಮೇಜಿನ ಮೇಲಿದ್ದ ಕೀ ಎಲ್ಲಿ?"

ಅಪ್ಪ ಕಿಟಕಿಯಲ್ಲಿ ಇಣುಕಿದ. ಅಂಗಳದಲ್ಲಿ ಸ್ಕೂಟರ್ ಇರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಎದುರಿಗೆ ಗಾಡಿ ಕಂಡ ಕೂಡಲೇ, ಮುಂದೆ ಗಾಡಿ ಹೋಗುತ್ತಿದ್ದರೂ, ನಿಮ್ಮ ದೀಪ ಡಿಮ್ ಮಾಡಿ. ಇವತ್ತು ಸಂಜೆ ನಿಮ್ಮೆದುರು ಬರುವ ಸ್ಕೂಟರಿನಲ್ಲಿ ಇವಳೇ ಇರಬಹುದು. ಮನೆಯಲ್ಲಿ ತಟ್ಟೆ ಇಟ್ಟು ಕಾಯುತ್ತಿದ್ದಾರೆ.