ಬುಡದ ಕೆಂಪು ಚುಕ್ಕೆ

ಮೂರನೆಯ ಸಲ ಬ್ರಷ್ಷಿಗೆ ಸೋಪು ಹಚ್ಚಿ ಅವಳು ಗಂಡನ ಹೆಬ್ಬೆರಳನ್ನು ಉಜ್ಜತೊಡಗಿದಳು. ಉಗುರಿನ ಸಂದಿಯ ಕಪ್ಪು ಜಪ್ಪಯ್ಯ ಅನ್ನಲಿಲ್ಲ. ಮೂವತ್ತೊಂದು ವರ್ಷ ಪೊಲೀಸ್ ಶಸ್ತ್ರಾಗಾರದಲ್ಲಿ ಪಿಸ್ತೂಲು ಬಿಚ್ಚಿ ಜೋಡಿಸಿದ ಬೆರಳು ಅದು. ಅವನು ನಿವೃತ್ತನಾಗಿ ಎಂಟು ವರ್ಷವಾಗಿತ್ತು, ಎಣ್ಣೆಮಸಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಉಗುರಿನ ಬದಿಯಲ್ಲಿ ಸಾಸಿವೆಯಷ್ಟು ಕೆಂಪು ಕಲೆಯೂ ಇತ್ತು. ಎಲ್ಲೋ ತರಚಿ ರಕ್ತ ಹೆಪ್ಪುಗಟ್ಟಿರಬೇಕು ಎಂದುಕೊಂಡಳು.

"ಬಿಡಮ್ಮ, ಸಾಕು. ಚರ್ಮ ಕಿತ್ತು ಬರತ್ತೆ," ಎಂದಳು ಮಗಳು.

"ಬರ್ಲಿ. ಜೀವಮಾನವೆಲ್ಲ ಊಟದ ತಟ್ಟೆ ಮುಂದೆ ಇದೇ ಕೈ ನೋಡಿದೀನಿ. ಇವತ್ತೊಂದಿನ ಆದ್ರೂ ಚೊಕ್ಕಟವಾಗಿ ಹೋಗ್ಲಿ."

ಹೇಳುತ್ತ ಹೇಳುತ್ತಲೇ ಬ್ರಷ್ಷು ಕೆಳಗಿಟ್ಟು ಆ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಹನ್ನೆರಡಕ್ಕೆ ಚಿತಾಗಾರದ ವ್ಯಾನು ಬರುವುದಿತ್ತು. ಹೊರಗೆ ಬಾಡಿಗೆ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಹಾಕುವ ಸದ್ದು ಕೇಳುತ್ತಿತ್ತು.

"ಅಮ್ಮ, ಬೈಬೇಡ," ಎಂದಳು ಮಗಳು, ಟವೆಲನ್ನು ಸುಮ್ಮಸುಮ್ಮನೆ ಮಡಚುತ್ತ. "ಬೆಳಿಗ್ಗೆ ಮಾವಂಗೆ ಫೋನ್ ಮಾಡ್ದೆ."

ಬೈಯಬೇಕೆಂದೇ ಅವಳು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಬರ್ತಾನಂತಾ?"

"ಗೊತ್ತಿಲ್ಲ. ಕೇಳಿಸ್ಕೊಂಡ್ರು, ಇಟ್ಬಿಟ್ರು."

ಹದಿನಾರು ವರ್ಷವಾಗಿತ್ತು ತಮ್ಮ ಈ ಮನೆಯ ಮೆಟ್ಟಿಲು ಹತ್ತಿ. ಅದೂ ಎಂಥ ತಮ್ಮ? ತಾಯಿ ತೀರಿಕೊಂಡಾಗ ಐದು ವರ್ಷದವನು. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಹೋದ ವಾರವಷ್ಟೇ ಗಂಡ ಅದೇನೋ ಹುರುಪಿನಲ್ಲಿ, "ನಿನ್ ತಮ್ಮನ್ನ ಒಂದ್ಸಲ ಕರಿ. ಅವನಿಗೆ ಒಂದು ವಸ್ತು ತೋರಿಸ್ಬೇಕು," ಎಂದಿದ್ದ. "ದಾರಿ ಅವನಿಗೆ ಗೊತ್ತು, ಬೇಕಾದ್ರೆ ಬರ್ತಾನೆ," ಎಂದು ಇವಳು ಒಗ್ಗರಣೆ ಸೌಟನ್ನು ಕುಟ್ಟಿದ್ದಳು. ನಿನ್ನೆ ಮಧ್ಯಾಹ್ನ ಗಂಡ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಆ ಸೌಟಿನ ಸದ್ದು ಮಾತ್ರ ಅವಳ ಕಿವಿಯಿಂದ ಹೋಗಲೊಲ್ಲದು.

*

ಶಸ್ತ್ರಾಗಾರದಲ್ಲಿ ಗಂಡನಿಗೆ ಮೇಸ್ತ್ರಿ ಎಂದೇ ಹೆಸರು. ಉದ್ದನೆಯ ಕೋಣೆ, ಒಂದೇ ಕಿಟಕಿ, ಕಿಟಕಿಯಡಿ ಸತುವಿನ ತಗಡು ಹೊದಿಸಿದ ಮೇಜು. ಯಾರಾದರೂ "ಪಿಸ್ತೂಲು ಜಾಮ್ ಆಯ್ತು ಮೇಸ್ತ್ರಿ" ಎಂದು ಬಂದರೆ ಪಿಸ್ತೂಲನ್ನು ಪಕ್ಕಕ್ಕಿಟ್ಟು, ಅದರ ಹಿಡಿಯೊಳಗೆ ಕೂರುವ ಗುಂಡಿನ ಗೂಡಿಗೆ, ಅಂದರೆ ಮ್ಯಾಗಜಿನ್ನಿಗೆ, ಕೈ ಚಾಚುತ್ತಿದ್ದ.

"ಪಿಸ್ತೂಲನ್ನ ಕೊನೇಲಿ ಬೈಬೇಕು," ಎನ್ನುತ್ತಿದ್ದ. "ಅದಕ್ಕೆ ಉಣಿಸೋದು ಯಾರು? ಮ್ಯಾಗಜಿನ್ನು. ಮೊದ್ಲು ಅದನ್ನ ಕೇಳು. ಆಮೇಲೆ ಗುಂಡನ್ನ ಕೇಳು. ಆಮೇಲೆ ಹಿಡಿದ ಕೈಯನ್ನ."

ಮ್ಯಾಗಜಿನ್ನಿನ ಬಾಯಲ್ಲಿ ಎರಡು ತುಟಿಗಳಿರುತ್ತವೆ. ಗುಂಡನ್ನು ಅವು ಹಿಡಿದಿಟ್ಟು, ಸರಿಯಾದ ಗಳಿಗೆಗೆ ಬಿಡಬೇಕು. ಕೂದಲೆಳೆಯಷ್ಟು ಅಗಲವಾದರೂ ಗುಂಡು ಮೂತಿ ಮೇಲೆತ್ತಿ ಅಡ್ಡ ನಿಲ್ಲುತ್ತದೆ. ಒಳಗಿನ ಸ್ಪ್ರಿಂಗು ದಣಿದಿದ್ದರೆ ಕೊನೆಯ ಗುಂಡು ಮೇಲೆ ಬರಲು ಸೋಮಾರಿತನ ಮಾಡುತ್ತದೆ. ಗುಂಡಿನ ಸದ್ದಿನಲ್ಲೇ ಬದುಕಿ ಮೇಸ್ತ್ರಿಯ ಕಿವಿ ಮಂದವಾಗಿತ್ತು, ಆದ್ದರಿಂದ ಅವನು ಎಲ್ಲವನ್ನೂ ಹೆಬ್ಬೆರಳಿನಿಂದಲೇ ಕೇಳುತ್ತಿದ್ದ. ಮದ್ದಿಲ್ಲದ ಹಿತ್ತಾಳೆ ಗುಂಡುಗಳನ್ನು ತುಂಬಿ, ಒಂದೊಂದನ್ನೇ ಹೊರಕ್ಕೆ ದಬ್ಬುವನು. ಟಕ್, ಟಕ್, ಟಕ್. ಎಲ್ಲಿ ತಡವರಿಸಿತೋ ಅಲ್ಲಿ ರೋಗ. ಎಲ್ಲವೂ ಸರಿಯಿದ್ದರೆ ದೂರು ತಂದವನ ಕೈ ಕುಲುಕಿ, "ಮಣಿಕಟ್ಟು ಸಡಿಲ ಬಿಡ್ತೀರಿ ಸ್ವಾಮಿ. ನಿಮ್ಮನ್ನೇ ಬಿಚ್ಚಿ ರಿಪೇರಿ ಮಾಡ್ಬೇಕು," ಎಂದು ನಗಿಸಿ ಕಳಿಸುವನು.

ಬಾಮೈದ ಸಬ್ ಇನ್ಸ್‌ಪೆಕ್ಟರ್ ಆಗಿ ಅದೇ ಊರಿನ ಠಾಣೆಗೆ ಬಂದಾಗ ಮೇಸ್ತ್ರಿ ಒಂದು ಹೊಸ ಪದ್ಧತಿ ಹಾಕಿಕೊಂಡ. ಮೂರು ಮ್ಯಾಗಜಿನ್ನು ಆರಿಸಿ, ಒಂದೊಂದನ್ನೂ ನೂರು ಸಲ ಪರೀಕ್ಷಿಸಿ, ಹೆಂಡತಿಯ ಡಬ್ಬಿಯಿಂದ ಉಗುರಿನ ಬಣ್ಣ ಕದ್ದು ತಂದು ಅವುಗಳ ಬುಡಕ್ಕೆ ಒಂದೊಂದು ಕೆಂಪು ಚುಕ್ಕೆ ಇಟ್ಟ, ಮಾಸಿದಾಗಲೆಲ್ಲ ಮತ್ತೆ ಇಡುತ್ತಿದ್ದ. "ಚುಕ್ಕೆ ಇದ್ದದ್ದು ನಿಂದು. ಬೇರೇದನ್ನ ಮುಟ್ಬೇಡ. ನಿಂಗೇನಾದ್ರೂ ಆದ್ರೆ ನಿಮ್ಮಕ್ಕ ನನ್ನ ಬಿಡಲ್ಲ," ಎಂದು ಬಾಮೈದನಿಗೆ ಕಟ್ಟಪ್ಪಣೆ ಮಾಡಿದ. ಅವಳು ಮಾತ್ರ ತನ್ನ ಬಣ್ಣ ಇಷ್ಟು ಬೇಗ ಹೇಗೆ ಖಾಲಿಯಾಗುತ್ತಿದೆಯೆಂದು ಮಗಳನ್ನು ಗದರಿಸುತ್ತಿದ್ದಳು.

*

ಹನ್ನೊಂದು ಗಂಟೆಗೆ ತಮ್ಮ ಬಂದ. ಗೇಟಿನ ಹತ್ತಿರದ ಕಟ್ಟಕಡೆಯ ಕುರ್ಚಿಯಲ್ಲಿ ಕೂತ. ಕಿಟಕಿಯಿಂದ ಅವಳಿಗೆ ಮೊದಲು ಕಂಡದ್ದು ಸ್ವಾಧೀನವಿಲ್ಲದ ಆ ಬಲಗೈ. ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಛತ್ರಿಯ ಹಾಗೆ ಬಿದ್ದಿತ್ತು. ತಲೆ ಪೂರಾ ನೆರೆತಿತ್ತು. ತನ್ನ ತಮ್ಮನಿಗೆ ಇಷ್ಟು ಬೇಗ ವಯಸ್ಸಾಗಿದ್ದು ಅವಳಿಗೆ ಅನ್ಯಾಯ ಅನ್ನಿಸಿತು.

"ಒಳಗೆ ಕರೀಲಾ?" ಎಂದಳು ಮಗಳು.

"ಹದಿನಾರು ವರ್ಷ ಯಾರೂ ತಡೀಲಿಲ್ಲ."

ಮೇಸ್ತ್ರಿಯ ಜೊತೆ ಕೆಲಸ ಮಾಡಿದ್ದ ಹಳೆಯ ಸ್ಟೋರ್ ಕೀಪರ್ ಗೋಡೆಗೊರಗಿ ಕೂತಿದ್ದ. ಅವನ ಕಣ್ಣು ಗೇಟಿನ ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ಹೋಗಿ ಬರುತ್ತಿತ್ತು.

*

ಹದಿನಾರು ವರ್ಷದ ಹಿಂದಿನ ಆ ದಿನ ತಮ್ಮನ ಹುಟ್ಟುಹಬ್ಬ. ಗಂಡನಿಗೂ ತಮ್ಮನಿಗೂ ಎರಡು ತಟ್ಟೆ ಹಾಕಿ ಅವಳು ಕಾಯುತ್ತಿದ್ದಳು. ಗಂಡ ಮೊದಲು ಬಂದ. "ಅವನು ದಾರೀಲಿದಾನೆ, ಬಡಿಸು," ಎಂದ. ತಮ್ಮನ ಬದಲು ಬಂದದ್ದು ಫೋನು. ಯಾವುದೋ ಗೋದಾಮಿನ ಬಾಗಿಲಲ್ಲಿ ಅವನ ಪಿಸ್ತೂಲು ಒಂದು ಗುಂಡು ಹಾರಿಸಿ ನಿಂತುಬಿಟ್ಟಿತ್ತು. ಎರಡನೆಯದು ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ಕೊಡವುವಷ್ಟರಲ್ಲಿ ಎದುರಿನವನ ಗುಂಡು ಇವನ ಬಲಭುಜ ಹೊಕ್ಕಿತ್ತು.

ವಿಚಾರಣೆಯಲ್ಲಿ ಮೇಸ್ತ್ರಿ ಒಂದೇ ವಾಕ್ಯ ಹೇಳಿದ: "ಕೆಟ್ಟ ಮ್ಯಾಗಜಿನ್ನು ನಾನೇ ಕೊಟ್ಟೆ." ಬಡ್ತಿ ನಿಂತಿತು. ಆಸ್ಪತ್ರೆಗೆ ನೋಡಲು ಹೋದಾಗ ತಮ್ಮ ಭಾವನ ಕಡೆ ತಿರುಗಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ಮನೆಗೆ ಬಂದ ಮೇಲೆ ಅವಳು ಗಂಡನಿಗೆ, "ನಿಮ್ಮ ಕೈಯಿಂದ ನನ್ ತಮ್ಮನ ಕೈ ಹೋಯ್ತು," ಎಂದಿದ್ದಳು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ್ದಳು.

*

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವಳು ಕಪಾಟಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದಳು. ಹದಿನಾರು ವರ್ಷದಿಂದ ಪ್ರತಿ ಸಂಜೆ ಗಂಡ ಅದನ್ನು ತೆರೆದು ಊಟದ ಮೇಜಿನ ಮೇಲೆ ಟಕ್ ಟಕ್ ಎನ್ನಿಸುತ್ತ ಕೂರುತ್ತಿದ್ದ. ಅವನಿಗೆ ಕೇಳದ ಸದ್ದನ್ನು ಇವಳು ಪೂರಾ ಕೇಳಬೇಕು. ಏನಿದೆಯೆಂದು ಒಮ್ಮೆಯೂ ಇಣುಕಿರಲಿಲ್ಲ. ಆ ಸದ್ದಿನ ಮೇಲೆ ಅವಳಿಗೆ ಅಷ್ಟು ಸಿಟ್ಟು. ನಿನ್ನೆ ಸಂಜೆ ಅದು ಕೇಳದೆ ಮನೆಯಲ್ಲಿ ಕೂರಲಾಗದೆ ಅಂಗಳದಲ್ಲಿ ಸುತ್ತಿದ್ದಳು.

"ಇದನ್ನ ಜೊತೇಲೇ ಕಳಿಸ್ಬಿಡಿ," ಎಂದು ಸ್ಟೋರ್ ಕೀಪರನ ಕೈಗಿತ್ತಳು.

"ಅತ್ತಿಗೆ, ಚಿತಾಗಾರದವ್ರು ಕಬ್ಬಿಣ ಗಿಬ್ಬಿಣ ಒಳಗೆ ಬಿಡಲ್ಲ," ಎನ್ನುತ್ತ ಅವನು ಮುಚ್ಚಳ ತೆಗೆದ. ಐದು ಹಿತ್ತಾಳೆ ಗುಂಡು, ಒಂದು ಸಣ್ಣ ಇಕ್ಕಳ, ಬಟ್ಟೆಯಲ್ಲಿ ಸುತ್ತಿದ ಒಂದು ಮ್ಯಾಗಜಿನ್ನು. ಬಟ್ಟೆ ಬಿಡಿಸಿ ಮೈಮೇಲಿನ ಸಂಖ್ಯೆ ಓದಿದವನು ಕಣ್ಣರಳಿಸಿದ. "ಅಯ್ಯೋ ಮಾರಾಯ! ವಿಚಾರಣೆ ಮುಗಿದ್ಮೇಲೆ ಇದನ್ನ ಸುತ್ತಿಗೇಲಿ ಜಜ್ಜಿ ಗುಜರಿಗೆ ಹಾಕಿದ್ದಾಗಿ ಮೇಸ್ತ್ರಿ ಮಾತು ನಂಬಿ ನಾನೇ ಸಹಿ ಹಾಕಿದೀನಿ!"

ಅಷ್ಟರಲ್ಲಿ ತಮ್ಮ ಬಾಗಿಲಿಗೆ ಬಂದಿದ್ದ. ಕೊನೆಯ ದರ್ಶನಕ್ಕೆಂದು ಎದ್ದು ಬಂದವನು ಹೊಸ್ತಿಲಲ್ಲೇ ನಿಂತು ಆ ಮ್ಯಾಗಜಿನ್ನನ್ನೇ ನೋಡುತ್ತಿದ್ದ.

"ಅಕ್ಕ," ಎಂದ. ಹದಿನಾರು ವರ್ಷದ ಮೇಲೆ ಆ ಕರೆ. ಅವಳ ಸಿಟ್ಟಿನ ಕಾಲು ಅಲ್ಲೇ ಕುಸಿಯಿತು, ಆದರೂ ಮುಖ ಬಿಗಿಹಿಡಿದಳು.

"ಭಾವ ಅದನ್ನ ನಂಗೆ ಕೊಡ್ಲೇ ಇಲ್ಲ. ನಾನೇ ತಗೊಂಡೆ."

"ಏನಂದೆ?"

"ಊಟಕ್ಕೆ ಅಂತ ಇಲ್ಲಿಗೇ ಬರ್ತಿದ್ದೆ. ದಾರೀಲಿ ವೈರ್‌ಲೆಸ್ ಬಂತು. ಒಂದು ಮ್ಯಾಗಜಿನ್ನು ಹೆಚ್ಚಿಗೆ ಇರ್ಲಿ ಅಂತ ಭಾವನ ಕೋಣೆಗೆ ನುಗ್ದೆ. ಬೀಗದಕೈ ಎಲ್ಲಿ ನೇತುಹಾಕ್ತಾರೆ ಅಂತ ಗೊತ್ತಿತ್ತಲ್ಲ. ಮೇಜಿನ ಮೇಲೆ ಒಂದು ತಟ್ಟೇಲಿ ಕೆಂಪು ಚುಕ್ಕೇದು ಕಾಣಿಸ್ತು. ನಂದೇ ಅಂದ್ಕೊಂಡು ಅದನ್ನೇ ತುಂಬಿ ಪಿಸ್ತೂಲಿಗೆ ಹಾಕ್ಕೊಂಡೆ. ಕೆಟ್ಟವನ್ನ ಇಡೋ ತಟ್ಟೆ ಅದು ಅಂತ ನೋಡ್ಲೇ ಇಲ್ಲ. ಸಹಿ ಇಲ್ದೆ ಶಸ್ತ್ರಾಗಾರದಿಂದ ವಸ್ತು ತಗೊಂಡ್ರೆ ಕೆಲಸದಿಂದ ವಜಾ ಮಾಡ್ತಾರೆ. ಒಂದು ಕೈ ಹೋದವನು, ಕೆಲಸಾನೂ ಹೋದ್ರೆ ಏನ್ ಮಾಡ್ತಾನೆ ಅಂತ ಭಾವ ತಾನೇ ಕೊಟ್ಟೆ ಅಂದ್ಬಿಟ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಅವ್ರ ಬಡ್ತಿ ತಿಂದು ಅವ್ರ ಮನೇಲಿ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ಲಿ?"

ಸ್ಟೋರ್ ಕೀಪರ್ ತಲೆ ತಗ್ಗಿಸಿದ. "ಮೇಸ್ತ್ರಿ ನಂಗೆ ಒಂದೇ ಸಲ ಹೇಳಿದ್ರು, ಅತ್ತಿಗೆ. ಅವತ್ತು ಬೆಳಿಗ್ಗೇನೇ ಅದರ ತುಟಿ ಅಗಲವಾಗಿದ್ದು ಕಂಡು ತಟ್ಟೇಲಿಟ್ರಂತೆ. ಚುಕ್ಕೆ ಅಳಿಸ್ಬೇಕಿತ್ತು. ಊಟ ಆದ್ಮೇಲೆ ಅಳಿಸೋಣ ಅಂತ ಮನೆಗೆ ಓಡಿದ್ರಂತೆ, ನೀವು ಕಾಯ್ತಿರ್ತೀರ ಅಂತ. 'ತಪ್ಪು ನಂದೇ ಕಣಯ್ಯ, ಆ ಹುಡುಗ ನನ್ನ ಚುಕ್ಕೆ ನಂಬಿದ' ಅಂದ್ರು."

ಅವಳಿಗೆ ಅಂದು ಊಟಕ್ಕೆ ಹಾಕಿಟ್ಟ ಆ ಎರಡು ತಟ್ಟೆಗಳು ನೆನಪಾದವು. ಇಬ್ಬರೂ ತಪ್ಪು ತನ್ನದೇ ಎಂದು ಹೊತ್ತುಕೊಂಡು ದೂರ ಕೂತಿದ್ದರು. ನಡುವೆ ಅವಳು ಗಂಡನನ್ನೂ ಬೈದಳು, ತಮ್ಮನನ್ನೂ ಕಳೆದುಕೊಂಡಳು. ಒಂದೇ ಒಂದು ಸಂಜೆ, ಅದೇ ಮೇಜಿಗೆ ಮೂವರೂ ಕೂತಿದ್ದರೆ ಸಾಕಿತ್ತು.

"ಹೋದ ವಾರ ನಿನ್ನ ಕರಿ ಅಂದಿದ್ರು ಕಣೋ," ಎಂದಳು. "ನಾನು ಕರೀಲಿಲ್ಲ."

ತಮ್ಮ ಅವಳ ಪಕ್ಕದಲ್ಲಿ ಕುಕ್ಕರಿಸಿದ. ಸ್ಟೋರ್ ಕೀಪರ್ ಐದು ಗುಂಡು ತುಂಬಿ ಮ್ಯಾಗಜಿನ್ನನ್ನು ಅವನ ಎಡಗೈಗೆ ಕೊಟ್ಟ. ತಮ್ಮ ಹೆಬ್ಬೆರಳಿನಿಂದ ಒಂದೊಂದನ್ನೇ ದಬ್ಬಿದ. ಟಕ್. ಟಕ್. ಟಕ್. ಒಂದೂ ಮೂತಿ ಎತ್ತಲಿಲ್ಲ. ನಾಲ್ಕನೆಯದು ನೇರ ಬಂತು. ಐದನೆಯದೂ ತಡವರಿಸದೆ ಬಂದು ಅವಳ ಮಡಿಲಿಗೆ ಬಿತ್ತು.

"ಸರಿಹೋಗಿದೆ," ಎಂದ ತಮ್ಮ, ನಂಬದವನ ಹಾಗೆ. "ಅಕ್ಕ, ಸರಿ ಮಾಡಿಬಿಟ್ಟಿದಾರೆ."

"ತಿರುಗಿಸು," ಎಂದಳು ಅವಳು.

ಬುಡದಲ್ಲಿ ಹಳೆಯ ಚುಕ್ಕೆಯನ್ನು ಕೆರೆದು ತೆಗೆದ ಗುರುತಿತ್ತು. ಅದರ ಮೇಲೆ ಹೊಸದೊಂದು ಚುಕ್ಕೆ, ಗುಂಡಗೆ, ಫಳಫಳ ಹೊಳೆಯುತ್ತಿತ್ತು. ಮಗಳು ಬಗ್ಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಮ್ಮ, ಇದು ನನ್ ಪುಟ್ಟಿಯ ಉಗುರಿನ ಬಣ್ಣ. ಬಾಟಲಿ ಕಾಣ್ತಿಲ್ಲ ಅಂತ ಹೋದ ವಾರ ತಾತನ ಮುಂದೇನೇ ಅತ್ತು ರಂಪ ಮಾಡಿದ್ಲಲ್ಲ."

ಹೊರಗೆ ವ್ಯಾನು ಎರಡು ಸಲ ಹಾರನ್ ಮಾಡಿತು. ಜನ ಎದ್ದ ಸದ್ದಾಯಿತು. ಮಗಳು ಸೋಪಿನ ಬಕೆಟ್ಟನ್ನು ಹತ್ತಿರ ಸರಿಸಿ, "ಇನ್ನೊಂದ್ಸಲ ಉಜ್ಜಬೇಕಾದ್ರೆ ಬೇಗ ಮುಗಿಸಮ್ಮ," ಎಂದಳು.

ಅವಳು ಗಂಡನ ಕೈ ಎತ್ತಿ ಬೆಳಕಿಗೆ ಹಿಡಿದಳು. ಉಗುರಿನ ಬದಿಯಲ್ಲಿ ಆ ಸಾಸಿವೆಯಷ್ಟು ಕೆಂಪು, ಮೂರು ಸಲದ ಸೋಪಿಗೂ ಜಗ್ಗದೆ ಹಾಗೇ ಇತ್ತು. ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಆ ಹೆಬ್ಬೆರಳು ಎಲ್ಲರಿಗೂ ಕಾಣುವ ಹಾಗೆ ಅವನ ಕೈಯನ್ನು ಹೊದಿಕೆಯ ಮೇಲಿಟ್ಟಳು.